ಕೆನಡಿಯ ಬೆನ್ನು, ನಮ್ಮ ಎಂಆರ್‌ಐ ರಿಪೋರ್ಟು

ಜಾನ್ ಎಫ್. ಕೆನಡಿ ಅಂದ ಕೂಡಲೇ ಕಣ್ಮುಂದೆ ಬರುವುದು ನೆಟ್ಟಗೆ ನಿಂತು ನಗುವ, ಬಿಸಿಲಿಗೆ ಕಂದಿದ ಮೈಬಣ್ಣದ ಒಬ್ಬ ಯುವಕ. 43ನೇ ವಯಸ್ಸಿಗೆ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ಆಯ್ಕೆಯಾದವರು, ಹಾಯಿದೋಣಿ ನಡೆಸುವವರು, ಈಜುವವರು. ಆ ಫೋಟೋಗಳಲ್ಲಿ ಕಾಣದೇ ಇದ್ದದ್ದು ಅಂಗಿಯ ಒಳಗೆ ಸೊಂಟಕ್ಕೆ ಬಿಗಿದಿದ್ದ ಪಟ್ಟಿ, ಬೂಟಿನೊಳಗೆ ಎಡಗಾಲಿಗೆ ಕೊಟ್ಟಿದ್ದ ಸಣ್ಣ ಎತ್ತರ, ಕ್ಯಾಮೆರಾ ಬಂದಾಗ ಬದಿಗೆ ಸರಿಯುತ್ತಿದ್ದ ಊರುಗೋಲು. 1944ರಿಂದ 1957ರ ನಡುವೆ ಅವರ ಬೆನ್ನಿನ ಮೇಲೆ ನಾಲ್ಕು ಸಲ ಶಸ್ತ್ರಚಿಕಿತ್ಸೆ ನಡೆಯಿತು. ನಾಲ್ಕೂ ಆದ ಮೇಲೂ ನೋವು ಇತ್ತು.

ನಾನು ಡಾಕ್ಟರಲ್ಲ, ಬರೆದು ಬದುಕುವವನು. ದಿನಕ್ಕೆ ಎಂಟೊಂಬತ್ತು ಗಂಟೆ ಕುರ್ಚಿಯಲ್ಲಿ ಕೂರುವ ಕೆಲಸ. ನನ್ನ ಸುತ್ತಮುತ್ತ ಇರುವವರಲ್ಲಿ ಅರ್ಧಕ್ಕರ್ಧ ಜನ ಒಂದಲ್ಲ ಒಂದು ದಿನ ಸ್ಕ್ಯಾನಿಂಗ್ ಸೆಂಟರಿನ ದೊಡ್ಡ ಲಕೋಟೆ ಹಿಡಿದುಕೊಂಡು, ಡಿಸ್ಕ್ ಜಾರಿದೆಯಂತೆ, ಮೂಳೆ ಸವೆದಿದೆಯಂತೆ, ನರ ಒತ್ತಿಕೊಂಡಿದೆಯಂತೆ ಅಂತ ಹೇಳಿಕೊಂಡವರೇ. ಈ ಮೂರೂ ಒಂದೇ ಮಾತು ಅಂತಲೇ ನಾವು ತಿಳಿದಿರುತ್ತೇವೆ. ಅವು ಒಂದೇ ಅಲ್ಲ. ಅದನ್ನು ತಿಳಿಯಲು ಕೆನಡಿಯ ಜೀವನಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ. ಯಾಕಂದರೆ ಹಣ, ಪ್ರಭಾವ, ಆ ಕಾಲದ ಅತಿ ಒಳ್ಳೆಯ ಸರ್ಜನ್‌ಗಳು, ಎಲ್ಲವೂ ಅವರ ಕೈಗೆ ಎಟುಕುವಂತಿತ್ತು.

ಸೈನ್ಯಕ್ಕೆ ಬೇಡವಾದ ಬೆನ್ನು

ಕೆನಡಿ ಹುಟ್ಟಿದ್ದು 1917ರ ಮೇ 29ರಂದು, ಮ್ಯಾಸಚೂಸೆಟ್ಸ್ ರಾಜ್ಯದ ಬ್ರೂಕ್‌ಲೈನ್‌ನಲ್ಲಿ. ಕೋಟ್ಯಧಿಪತಿಯ ಮಗ. ಆದರೆ ಬಾಲ್ಯದಿಂದಲೇ ಆಸ್ಪತ್ರೆಯ ನಂಟು. ಹೊಟ್ಟೆ, ಕರುಳು, ಜ್ವರ, ಒಂದಾದ ಮೇಲೊಂದು. ಹಾರ್ವರ್ಡ್‌ನಲ್ಲಿ ಓದುವಾಗ ಫುಟ್‌ಬಾಲ್ ಆಡಿ ಬೆನ್ನಿಗೆ ಪೆಟ್ಟು ಮಾಡಿಕೊಂಡರು ಅನ್ನುವುದು ಜನ ನಂಬಿರುವ ಕತೆ. ಕಾರಣ ಏನೇ ಇರಲಿ, 1941ರಲ್ಲಿ ಸೈನ್ಯಕ್ಕೆ ಸೇರಲು ಹೋದಾಗ ಬೆನ್ನು ಸರಿಯಿಲ್ಲ ಅಂತ ಭೂಸೇನೆಯವರೂ ನೌಕಾದಳದವರೂ ವಾಪಸ್ ಕಳಿಸಿದರು. ಅಪ್ಪ ಜೋಸೆಫ್ ಕೆನಡಿ ತಮ್ಮ ಪರಿಚಯದ ನೌಕಾ ಅಧಿಕಾರಿಯ ಮೂಲಕ ದಾರಿ ಮಾಡಿಸಿದರು. ಅದೇ ವರ್ಷ ಮಗ ನೌಕಾದಳದ ಸಮವಸ್ತ್ರ ತೊಟ್ಟ.

ನಮ್ಮಲ್ಲಿ ಪ್ರಭಾವ ಬಳಸುವುದು ಸಾಮಾನ್ಯವಾಗಿ ಯುದ್ಧದಿಂದ, ವರ್ಗಾವಣೆಯಿಂದ, ಕಷ್ಟದ ಪೋಸ್ಟಿಂಗಿನಿಂದ ತಪ್ಪಿಸಿಕೊಳ್ಳಲು. ಕೆನಡಿ ಅದನ್ನು ಯುದ್ಧಕ್ಕೆ ಹೋಗಲು ಬಳಸಿದರು. ಅಲ್ಲಿ ಅವರು ಆರಿಸಿಕೊಂಡದ್ದು ಪಿಟಿ ಬೋಟು. ಅಲೆಯಿಂದ ಅಲೆಗೆ ಎಗರುತ್ತ ಹೋಗುವ, ಬೆನ್ನಿನ ಪಾಲಿಗೆ ಶತ್ರುವಿನಂಥ ಸಣ್ಣ ಯುದ್ಧದೋಣಿ.

1943ರ ಆಗಸ್ಟ್ 2ರ ನಡುರಾತ್ರಿ ಕಳೆದ ಮೇಲೆ, ಸಾಲೊಮನ್ ದ್ವೀಪಗಳ ಹತ್ತಿರ, ಅಮಾಗಿರಿ ಎಂಬ ಜಪಾನಿ ಯುದ್ಧನೌಕೆ ಅವರ ಪಿಟಿ-109 ದೋಣಿಗೆ ಢಿಕ್ಕಿ ಹೊಡೆದು ಸೀಳಿಹಾಕಿತು. 13 ಜನರಲ್ಲಿ ಇಬ್ಬರು ಸತ್ತರು. ಸುಟ್ಟ ಗಾಯಗಳಾಗಿದ್ದ ಒಬ್ಬ ಸಹಚರನ ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಕೆನಡಿ ಸುಮಾರು ನಾಲ್ಕು ಗಂಟೆ ಈಜಿ, ಒಂದು ಪುಟ್ಟ ದ್ವೀಪ ಮುಟ್ಟಿದರು. ಆರು ದಿನಗಳ ನಂತರ ಅವರ ತಂಡವನ್ನು ಹೊರಗೆ ತಂದದ್ದು ಎರೋನಿ ಕುಮಾನಾ, ಬಿಯುಕು ಗಾಸಾ ಎಂಬ ಇಬ್ಬರು ದ್ವೀಪವಾಸಿಗಳ ಸಹಾಯ. ಆ ರಾತ್ರಿ ಕೆನಡಿಯನ್ನು ವೀರನನ್ನಾಗಿ ಮಾಡಿತು. ಮೊದಲೇ ತಕರಾರು ಮಾಡುತ್ತಿದ್ದ ಬೆನ್ನಿಗೆ ಅದೇ ರಾತ್ರಿ ಇನ್ನೊಂದು ಹೊಡೆತವೂ ಬಿತ್ತು.

ಹೋಳಿಗೆಯ ಕಣಕ ಹರಿದಾಗ

ಇಲ್ಲಿ ಸ್ವಲ್ಪ ನಿಂತು ಬೆನ್ನಿನ ಒಳಗೆ ಏನಿದೆ ನೋಡೋಣ. ಬೆನ್ನುಮೂಳೆ ಒಂದರ ಮೇಲೊಂದು ಜೋಡಿಸಿದ ಕಶೇರುಕಗಳ ಸಾಲು. ಎರಡು ಕಶೇರುಕಗಳ ನಡುವೆ ಒಂದು ಮೆತ್ತೆ ಇರುತ್ತದೆ, ಅದೇ ಡಿಸ್ಕ್. ಅದರ ರಚನೆ ಹೋಳಿಗೆಯ ಹಾಗೆ. ಸುತ್ತ ಗಟ್ಟಿ ನಾರಿನ ಪದರಗಳು, ಕಣಕದಂತೆ. ಒಳಗೆ ನೀರಿನಂಶ ತುಂಬಿದ ಮೃದುವಾದ ತಿರುಳು, ಹೂರಣದಂತೆ. ದೊಡ್ಡವರ ಡಿಸ್ಕಿಗೆ ನೇರವಾದ ರಕ್ತನಾಳಗಳು ಇಲ್ಲವೆಂದೇ ಹೇಳಬೇಕು. ಪಕ್ಕದ ಮೂಳೆಯಿಂದ ಜಿನುಗಿ ಬರುವ ಪೋಷಣೆಯಿಂದಲೇ ಅದು ಬದುಕಬೇಕು. ಹಾಗಾಗಿ ವಯಸ್ಸಾದಂತೆ ಒಳಗಿನ ನೀರು ಕಡಿಮೆಯಾಗುತ್ತದೆ, ಎತ್ತರ ತಗ್ಗುತ್ತದೆ, ಹೊರಗಿನ ನಾರುಗಳಲ್ಲಿ ಬಿರುಕು ಬೀಳುತ್ತದೆ. ಮೆತ್ತೆ ತಗ್ಗಿದಾಗ ಹಿಂಬದಿಯ ಸಣ್ಣ ಕೀಲುಗಳ ಮೇಲೆ ಭಾರ ಬಿದ್ದು ಅವು ದಪ್ಪಗಾಗುತ್ತವೆ. ಮೂಳೆಯ ಅಂಚಿನಲ್ಲಿ ಮುಳ್ಳಿನಂಥ ಬೆಳವಣಿಗೆ ಬರುತ್ತದೆ. ಇದೆಲ್ಲ ಸೇರಿ ನಾವು ಸವೆತ ಅನ್ನುವುದು.

ನರದ ಮೇಲಿನ ಒತ್ತಡ ಬೇರೆಯೇ ವಿಷಯ. ಕಣಕ ಹರಿದು ಹೂರಣ ಹೊರಗೆ ತಳ್ಳಿಕೊಂಡು ಬಂದು, ಪಕ್ಕದಲ್ಲಿ ಹಾದುಹೋಗುವ ನರದ ಬೇರನ್ನು ತಾಗಿದರೆ ಅಥವಾ ದಪ್ಪಗಾದ ಕೀಲು ಮತ್ತು ಕಟ್ಟುಗಳು ನರದ ದಾರಿಯನ್ನು ಕಿರಿದು ಮಾಡಿದರೆ, ಆಗ ನೋವು ಬೆನ್ನಲ್ಲಿ ನಿಲ್ಲುವುದಿಲ್ಲ. ಸೊಂಟದ ಕೆಳಭಾಗದ ಎರಡು ಡಿಸ್ಕುಗಳಲ್ಲಿ, ಅಂದರೆ ರಿಪೋರ್ಟಿನಲ್ಲಿ ಎಲ್4-ಎಲ್5, ಎಲ್5-ಎಸ್1 ಅಂತ ಬರೆಯುವ ಜಾಗಗಳಲ್ಲಿ, ಇದು ಹೆಚ್ಚು. ಅಲ್ಲಿ ಒತ್ತಿದರೆ ನೋವು ಪೃಷ್ಠದಿಂದ ತೊಡೆಯ ಹಿಂಬದಿ, ಮೊಣಕಾಲು ದಾಟಿ ಪಾದದವರೆಗೂ ಕರೆಂಟು ಹೊಡೆದ ಹಾಗೆ ಇಳಿಯುತ್ತದೆ. ಜೋಮು ಹಿಡಿಯುತ್ತದೆ, ಕೆಲವೊಮ್ಮೆ ಹೆಬ್ಬೆರಳು ಎತ್ತಲು ಶಕ್ತಿ ಸಾಲುವುದಿಲ್ಲ. ಇದನ್ನೇ ಸಯಾಟಿಕಾ ಅನ್ನುತ್ತಾರೆ. ವಯಸ್ಸಾದವರಲ್ಲಿ ದಾರಿ ಕಿರಿದಾದಾಗ ಸ್ವಲ್ಪ ದೂರ ನಡೆದರೆ ಕಾಲು ಭಾರವಾಗುತ್ತದೆ, ಮುಂದಕ್ಕೆ ಬಾಗಿದರೆ ಅಥವಾ ಎಲ್ಲಾದರೂ ಕೂತರೆ ಹಗುರಾಗುತ್ತದೆ. ಊರಲ್ಲಿ ಪ್ರತಿ ಜಗಲಿಯ ಮೇಲೂ ಎರಡು ನಿಮಿಷ ಕೂತು ಮುಂದೆ ಹೋಗುವ ಅಜ್ಜಂದಿರಲ್ಲಿ ಕೆಲವರದ್ದಾದರೂ ಇದೇ ಕತೆ ಇರಬಹುದು.

ಡಿಸ್ಕು ನರವನ್ನು ಒತ್ತಿ ಸಯಾಟಿಕಾ ತರುತ್ತದೆ, ಆಪರೇಷನ್ ಮಾಡಿ ಆ ತುಂಡನ್ನು ತೆಗೆದರೆ ಹೋಗುತ್ತದೆ ಅಂತ ವೈದ್ಯಲೋಕಕ್ಕೆ ಗಟ್ಟಿಯಾಗಿ ತೋರಿಸಿಕೊಟ್ಟವರು ಬಾಸ್ಟನ್ನಿನ ವಿಲಿಯಂ ಮಿಕ್ಸ್ಟರ್ ಮತ್ತು ಜೋಸೆಫ್ ಬಾರ್. ಅವರ ಲೇಖನ ಬಂದದ್ದು 1934ರಲ್ಲಿ. ಅದಾದ ಹತ್ತೇ ವರ್ಷಕ್ಕೆ, 1944ರ ಜೂನ್‌ನಲ್ಲಿ, ಅದೇ ಬಾಸ್ಟನ್ ನಗರದಲ್ಲಿ ಕೆನಡಿಯ ಬೆನ್ನಿಗೆ ಮೊದಲ ಬಾರಿ ಕತ್ತರಿ ಬಿತ್ತು. ಆಗ ಡಿಸ್ಕ್ ಆಪರೇಷನ್ ಹೊಸದು, ಉತ್ಸಾಹ ಜಾಸ್ತಿ. ಇವತ್ತಿನ ಹಾಗೆ ಎಂಆರ್‌ಐ ಇರಲಿಲ್ಲ. ಸರ್ಜನ್ ಜೇಮ್ಸ್ ಪಾಪೆನ್ ಬಿಚ್ಚಿ ನೋಡಿದಾಗ ಸಿಕ್ಕಿದ್ದು ಮೆತ್ತಗಾಗಿದ್ದ, ಕ್ಷೀಣಿಸಿದ ಡಿಸ್ಕ್. ನರವನ್ನು ಜೋರಾಗಿ ಒತ್ತಿ ಹಿಡಿದಿದ್ದ ದೊಡ್ಡ ತುಂಡೇನೂ ಅಲ್ಲಿ ಇರಲಿಲ್ಲ. ಎದ್ದು ಓಡಾಡಲು ಶುರು ಮಾಡಿದ ಮೇಲೆ ಬೆನ್ನಿನ ಸ್ನಾಯುಗಳು ವಿಪರೀತ ಸೆಳೆಯತೊಡಗಿದವು. ನೋವು ಹೋಗಲಿಲ್ಲ.

ಮುಂದಿನ ಹದಿಮೂರು ವರ್ಷಗಳ ಕತೆ ಈ ಒಂದು ಆಪರೇಷನ್ನಿನಲ್ಲೇ ಅಡಗಿದೆ ಅಂತ ನನಗನ್ನಿಸುತ್ತದೆ. ನರದ ಮೇಲಿನ ಒತ್ತಡ ತೆಗೆಯಲು ಶಸ್ತ್ರಚಿಕಿತ್ಸೆ ಒಳ್ಳೆಯ ಆಯುಧ. ಸವೆತವನ್ನು ತೆಗೆಯುವ ಶಸ್ತ್ರಚಿಕಿತ್ಸೆ ಇಲ್ಲ.

ಉಕ್ಕಿನ ತಗಡು

ಯುದ್ಧ ಮುಗಿಯಿತು. 1946ರಲ್ಲಿ ಕೆನಡಿ ಸಂಸತ್ತಿನ ಕೆಳಮನೆಗೆ ಗೆದ್ದರು. 1947ರಲ್ಲಿ ಲಂಡನ್ನಿನಲ್ಲಿ ಕುಸಿದುಬಿದ್ದಾಗ ಅಡಿಸನ್ಸ್ ಕಾಯಿಲೆ ಪತ್ತೆಯಾಯಿತು. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ದೇಹಕ್ಕೆ ಅಗತ್ಯವಾದ ಹಾರ್ಮೋನುಗಳನ್ನು ತಯಾರಿಸದೇ ಹೋಗುವ ಕಾಯಿಲೆ ಅದು. ಚರ್ಮದ ಬಣ್ಣ ಕಂದುವುದೂ ಅದರ ಲಕ್ಷಣಗಳಲ್ಲೊಂದು. ಅಲ್ಲಿಂದ ಮುಂದೆ ಸ್ಟೆರಾಯ್ಡ್ ಅವರ ದಿನಚರಿಯ ಭಾಗವಾಯಿತು. ಬಹಳ ಕಾಲ ಸ್ಟೆರಾಯ್ಡ್ ತೆಗೆದುಕೊಂಡರೆ ಮೂಳೆ ತೆಳ್ಳಗಾಗುವ, ಸೋಂಕು ಬೇಗ ತಗಲುವ, ಗಾಯ ನಿಧಾನವಾಗಿ ಮಾಯುವ ಅಪಾಯ ಇರುತ್ತದೆ. ಬೆನ್ನಿನ ಆಪರೇಷನ್‌ಗೆ ಇಂಥ ಮೈ ಒಳ್ಳೆಯ ನೆಲವಲ್ಲ.

1952ರಲ್ಲಿ ಸೆನೆಟ್ಟಿಗೆ ಗೆದ್ದರು, 1953ರಲ್ಲಿ ಜಾಕ್ವೆಲಿನ್ ಜೊತೆ ಮದುವೆಯಾಯಿತು. 1954ರ ಹೊತ್ತಿಗೆ ಊರುಗೋಲಿಲ್ಲದೆ ನಡೆಯುವುದೇ ಕಷ್ಟವಾಗಿತ್ತು. ಬಾಸ್ಟನ್ನಿನ ವೈದ್ಯರು ಆಪರೇಷನ್ ಬೇಡ, ಅಪಾಯ ಜಾಸ್ತಿ ಅಂದರು. ಕೆನಡಿ ಕೇಳಲಿಲ್ಲ. ಅಕ್ಟೋಬರ್ 21ರಂದು ನ್ಯೂಯಾರ್ಕಿನಲ್ಲಿ ಫಿಲಿಪ್ ವಿಲ್ಸನ್ ನೇತೃತ್ವದ ತಂಡ ಕೆಳಬೆನ್ನಿನ ಮೂಳೆಗಳನ್ನು ಬೆಸೆದು ಲೋಹದ ತಗಡು, ಸ್ಕ್ರೂ ಹಾಕಿತು. ಲೆಕ್ಕಾಚಾರ ಸರಳ: ಅಲುಗಾಡುವುದರಿಂದ ನೋವಾದರೆ ಅಲುಗಾಡದಂತೆ ಮಾಡಿಬಿಡೋಣ. ಮೂರನೇ ದಿನಕ್ಕೆ ಸೋಂಕು ತಗಲಿತು. ಕೆನಡಿ ಪ್ರಜ್ಞೆ ತಪ್ಪಿದರು. ಪಾದ್ರಿ ಬಂದು ಅಂತಿಮ ಸಂಸ್ಕಾರದ ಪ್ರಾರ್ಥನೆ ಮುಗಿಸಿದರು. ಹೇಗೋ ಬದುಕಿಕೊಂಡರು. 1955ರ ಫೆಬ್ರವರಿಯಲ್ಲಿ ಮತ್ತೆ ಬೆನ್ನು ಬಿಚ್ಚಿ ಸೋಂಕಿಗೆ ಮೂಲವಾಗಿದ್ದ ಆ ತಗಡನ್ನು ತೆಗೆದರು. 1957ರಲ್ಲಿ ಅಲ್ಲೇ ಕೀವು ತುಂಬಿ ನಾಲ್ಕನೇ ಸಲ ಕೊಯ್ಯಬೇಕಾಯಿತು.

ರಾಜಕೀಯವಾಗಿಯೂ ಆ ಹಾಸಿಗೆ ಅವರನ್ನು ಬಿಡಲಿಲ್ಲ. 1954ರ ಡಿಸೆಂಬರಿನಲ್ಲಿ ಸೆನೆಟ್ಟು ಜೋಸೆಫ್ ಮೆಕಾರ್ಥಿಗೆ ಛೀಮಾರಿ ಹಾಕುವ ನಿರ್ಣಯಕ್ಕೆ ಮತ ಹಾಕಿದಾಗ ಕೆನಡಿ ಆಸ್ಪತ್ರೆಯಲ್ಲಿದ್ದರು. ಮೆಕಾರ್ಥಿ ಅವರ ಕುಟುಂಬಕ್ಕೆ ಆಪ್ತ. ಗೈರುಹಾಜರಾಗಿಯೂ ತಮ್ಮ ನಿಲುವು ದಾಖಲಿಸಲು ಅವಕಾಶವಿತ್ತು, ಅವರು ದಾಖಲಿಸಲಿಲ್ಲ. ಬೆನ್ನುನೋವು ನಿಜ, ಜಾಣ ಮೌನವೂ ನಿಜ ಅನ್ನುವ ಟೀಕೆ ಕೊನೆವರೆಗೂ ಬೆನ್ನು ಹತ್ತಿತು. ಅದೇ ಹಾಸಿಗೆಯ ಮೇಲೆ ಸಹಾಯಕ ಟೆಡ್ ಸೊರೆನ್ಸನ್ ಜೊತೆ ಸೇರಿ ಸಿದ್ಧಪಡಿಸಿದ, ಧೈರ್ಯವಂತ ಸೆನೆಟರುಗಳನ್ನು ಕುರಿತ ಪುಸ್ತಕಕ್ಕೆ 1957ರಲ್ಲಿ ಪುಲಿಟ್ಜರ್ ಬಂತು. ಬೆನ್ನೆಲುಬು ಅನ್ನುವ ಮಾತಿಗೆ ನಮ್ಮ ಭಾಷೆಯಲ್ಲಿ ಧೈರ್ಯ ಎಂಬ ಅರ್ಥವೂ ಇದೆ. ಕೆನಡಿಯ ಆ ಚಳಿಗಾಲಕ್ಕೆ ಎರಡೂ ಅರ್ಥ ಹೊಂದುತ್ತವೆ, ಎರಡರಲ್ಲೂ ಒಂದೊಂದು ಬಿರುಕಿನೊಂದಿಗೆ.

ಸೂಜಿಗಳ ಕಾಲ, ಕಸರತ್ತಿನ ಕಾಲ

1955ರಲ್ಲಿ ಕೆನಡಿ ಜಾನೆಟ್ ಟ್ರಾವೆಲ್ ಎಂಬ ವೈದ್ಯೆಯ ಹತ್ತಿರ ಹೋದರು. ನೋವಿನ ಮೂಲವನ್ನು ಅವರು ಹುಡುಕಿದ್ದು ಸ್ನಾಯುಗಳಲ್ಲಿ. ಗಂಟು ಕಟ್ಟಿಕೊಂಡ ಜಾಗಕ್ಕೆ ಪ್ರೊಕೇನ್ ಚುಚ್ಚಿ ಸೆಳೆತ ಬಿಡಿಸುವುದು ಅವರ ವಿಧಾನ. ಬೂಟಿನೊಳಗಿನ ಎತ್ತರ ಅವರದ್ದೇ ಸಲಹೆ. ಮುಂದೆ ಜಗತ್ತಿಗೇ ಗೊತ್ತಾದ ತೂಗುಕುರ್ಚಿಯೂ ಅವರದ್ದೇ. ಸೂಜಿ ಹಾಕಿದಾಗ ಆರಾಮ ಸಿಗುತ್ತಿತ್ತು, ಆದರೆ ಮತ್ತೆ ಮತ್ತೆ ಹಾಕಬೇಕಾಗುತ್ತಿತ್ತು. ಕೆನಡಿ ಅಧ್ಯಕ್ಷರಾದಾಗ ಟ್ರಾವೆಲ್ ಶ್ವೇತಭವನದ ವೈದ್ಯೆಯಾದರು, ಆ ಹುದ್ದೆಗೆ ಬಂದ ಮೊದಲ ಮಹಿಳೆ.

1961ರ ಮೇ ತಿಂಗಳಲ್ಲಿ ಕೆನಡಾದ ಒಟ್ಟಾವಾದಲ್ಲಿ ಸಸಿ ನೆಡುವ ಒಂದು ಸಮಾರಂಭ. ಗುದ್ದಲಿಯಿಂದ ನಾಲ್ಕು ಸಲ ಮಣ್ಣು ಎತ್ತಿದ್ದೇ ನೆಪವಾಗಿ ಬೆನ್ನು ಹಿಡಿದುಕೊಂಡಿತು. ಮುಂದಿನ ತಿಂಗಳೇ ವಿಯೆನ್ನಾದಲ್ಲಿ ಕ್ರುಶ್ಚೇವ್ ಜೊತೆ ಮಾತುಕತೆ. ಅಣುಬಾಂಬು ಇಟ್ಟುಕೊಂಡ ಎರಡು ದೇಶಗಳ ನಾಯಕರಲ್ಲಿ ಒಬ್ಬರು ನೋವಿನಲ್ಲಿದ್ದರು, ಜೊತೆಗೆ ಮ್ಯಾಕ್ಸ್ ಜೇಕಬ್ಸನ್ ಎಂಬ ವೈದ್ಯ ಕೊಡುತ್ತಿದ್ದ, ಆಂಫೆಟಮಿನ್ ಬೆರೆಸಿದ ಚುಚ್ಚುಮದ್ದಿನಲ್ಲಿದ್ದರು. ಸೊಂಟದ ಎರಡು ಡಿಸ್ಕುಗಳ ವಿಷಯ ಜಗತ್ತಿನ ವಿಷಯವಾಗುವುದು ಹೀಗೆ.

ಆ ವರ್ಷದ ಅಕ್ಟೋಬರಿನಲ್ಲಿ ಅಧ್ಯಕ್ಷರ ಬೇರೆ ವೈದ್ಯರು, ಮುಖ್ಯವಾಗಿ ನೌಕಾದಳದ ಜಾರ್ಜ್ ಬರ್ಕ್ಲಿ, ಹಾನ್ಸ್ ಕ್ರೌಸ್ ಅವರನ್ನು ಕರೆಸಿದರು. ಕ್ರೌಸ್ ಆಸ್ಟ್ರಿಯಾ ಮೂಲದವರು, ಪರ್ವತಾರೋಹಿ. ಅಮೆರಿಕದ ಮಕ್ಕಳ ಮೈಕಸುವು ಯುರೋಪಿನ ಮಕ್ಕಳಿಗಿಂತ ಕಡಿಮೆ ಎಂದು 1950ರ ದಶಕದಲ್ಲಿ ಪರೀಕ್ಷೆ ಮಾಡಿ ತೋರಿಸಿ ಹೆಸರಾದವರು. ಪರೀಕ್ಷಿಸಿದಾಗ ಅಧ್ಯಕ್ಷರ ಹೊಟ್ಟೆ, ಬೆನ್ನಿನ ಸ್ನಾಯುಗಳಲ್ಲಿ ಬಲವೇ ಇರಲಿಲ್ಲ. ತೊಡೆಯ ಹಿಂದಿನ ಸ್ನಾಯುಗಳು ಹಗ್ಗದಂತೆ ಬಿಗಿದಿದ್ದವು. ವರ್ಷಗಟ್ಟಲೆ ಪಟ್ಟಿ ಕಟ್ಟಿದ, ಸೂಜಿ ಚುಚ್ಚಿದ, ಹಾಸಿಗೆ ಹಿಡಿದ ಬೆನ್ನು ಇನ್ನು ಹೇಗಿರಬೇಕು? ಕ್ರೌಸ್ ಸೂಜಿ ನಿಲ್ಲಿಸಬೇಕೆಂದರು. ವಾರಕ್ಕೆ ಮೂರು ಸಲ ಶ್ವೇತಭವನದಲ್ಲೇ ವ್ಯಾಯಾಮ ಶುರುವಾಯಿತು. ಕಾಲು ಚಾಚುವುದು, ಸೊಂಟ ಸಡಿಲಿಸುವುದು, ಹೊಟ್ಟೆಗೆ ಬಲ ಬರಿಸುವುದು. ಇದರಲ್ಲಿ ಯಾವ ರೋಮಾಂಚನವೂ ಇಲ್ಲ. ಆದರೆ ಕೆಲವೇ ತಿಂಗಳಲ್ಲಿ ಕೆನಡಿಯ ಬೆನ್ನು ಹಿಂದಿನ ಹಲವು ವರ್ಷಗಳಿಗಿಂತ ಚೆನ್ನಾಯಿತು. ಮಕ್ಕಳನ್ನು ಎತ್ತಿಕೊಳ್ಳಲು ಆಗದಿದ್ದ ಅಪ್ಪ ಎತ್ತಿಕೊಳ್ಳುವಂತಾದರು.

17 ವರ್ಷ, ನಾಲ್ಕು ಆಪರೇಷನ್, ಲೆಕ್ಕವಿಲ್ಲದಷ್ಟು ಸೂಜಿ ದಾಟಿದ ಮೇಲೆ ಅವರ ಸರದಿಗೆ ಬಂದದ್ದು ಅತಿ ಅಗ್ಗದ ಚಿಕಿತ್ಸೆ.

ರಿಪೋರ್ಟು ಓದುವ ಬಗೆ

ಕೆಲವು ವರ್ಷಗಳ ಹಿಂದೆ ನನ್ನ ಎಡಗಾಲಿಗೂ ಆ ಕರೆಂಟು ಹೊಡೆದಿತ್ತು. ನನ್ನ ಎಂಆರ್‌ಐ ರಿಪೋರ್ಟಿನಲ್ಲೂ ಎಲ್4-ಎಲ್5 ಇತ್ತು, ಕ್ಷೀಣತೆ ಇತ್ತು, ನರದ ಬೇರಿಗೆ ತಾಗಿದೆ ಎಂಬ ಸಾಲಿತ್ತು. ಸಾವಿನ ಚೀಟಿ ಓದಿದ ಹಾಗಿತ್ತು. ನನ್ನನ್ನು ನೋಡಿದ ವೈದ್ಯೆ ಫಿಲಂ ಬದಿಗಿಟ್ಟು ಮೊದಲು ನನ್ನ ಕಾಲು ನೋಡಿದರು. ಹಿಮ್ಮಡಿಯ ಮೇಲೆ ನಡೆಸಿದರು, ಬೆರಳ ತುದಿಯ ಮೇಲೆ ನಡೆಸಿದರು, ಹೆಬ್ಬೆರಳನ್ನು ಒತ್ತಿ ಹಿಡಿದು ಎತ್ತಲು ಹೇಳಿದರು, ಸುತ್ತಿಗೆಯಿಂದ ತಟ್ಟಿದರು. ಬಲ ಪೂರ್ತಿ ಇದೆ, ಕಾಯೋಣ ಅಂದರು. ಎರಡು ತಿಂಗಳಲ್ಲಿ ನೋವು ಇಳಿಯಿತು. ಇದು ನನ್ನೊಬ್ಬನ ಅದೃಷ್ಟವಲ್ಲ. ಡಿಸ್ಕಿನಿಂದ ಬರುವ ಸಯಾಟಿಕಾ ಬಹುಪಾಲು ಜನರಲ್ಲಿ ಕೆಲವು ವಾರಗಳಿಂದ ಮೂರು ತಿಂಗಳೊಳಗೆ ತಗ್ಗುತ್ತದೆ. ಹೊರಬಂದ ಹೂರಣವನ್ನು ದೇಹವೇ ನಿಧಾನಕ್ಕೆ ಕರಗಿಸಿಕೊಳ್ಳುವುದೂ ಉಂಟು.

2015ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆ ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನುಗಳ ಫಲಿತಾಂಶವನ್ನು ಒಟ್ಟು ಹಾಕಿ ನೋಡಿತು. ನೋವಿಲ್ಲದ 20ರ ಪ್ರಾಯದವರಲ್ಲೇ ಶೇ. 37 ಮಂದಿಗೆ ಡಿಸ್ಕ್ ಕ್ಷೀಣತೆ ಇತ್ತು. 80ರ ಪ್ರಾಯದವರಲ್ಲಿ ಅದು ಶೇ. 96. ಅಂದರೆ ಸವೆತ ಬಹುಮಟ್ಟಿಗೆ ತಲೆಕೂದಲು ನರೆತ ಹಾಗೆ. ಅದು ಫಿಲಂನಲ್ಲಿ ಕಂಡ ಮಾತ್ರಕ್ಕೆ ನಿಮ್ಮ ನೋವಿಗೆ ಅದೇ ಕಾರಣ ಅಂತ ತೀರ್ಮಾನಿಸಲಾಗದು.

ಹಾಗಂತ ಆಪರೇಷನ್ನೇ ಬೇಡ ಅನ್ನುವುದು ಇನ್ನೊಂದು ಮೂಢನಂಬಿಕೆ. ಕಾಲಿನ ಬಲ ಕುಂದುತ್ತಾ ಹೋದರೆ, ಪಾದ ಎತ್ತಲಾಗದೆ ಎಳೆದು ನಡೆಯುವಂತಾದರೆ, ತಿಂಗಳುಗಟ್ಟಲೆ ಕಾಲುನೋವು ತಗ್ಗದೆ ಫಿಲಂನಲ್ಲೂ ಅದೇ ನರ ಒತ್ತಿರುವುದು ಕಂಡರೆ, ಆಪರೇಷನ್ ನಿಜಕ್ಕೂ ಉಪಕಾರ ಮಾಡುತ್ತದೆ. ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಕೂರುವ ಜಾಗದ ಸುತ್ತ ಮರಗಟ್ಟಿದರೆ, ಎರಡೂ ಕಾಲು ಬಲ ಕಳೆದುಕೊಂಡರೆ ಒಂದು ದಿನವೂ ಕಾಯಬಾರದು. ಬೆನ್ನುಹುರಿಯ ತುದಿಯಿಂದ ಇಳಿಯುವ ನರಗಳ ಗೊಂಚಲೇ ಅದುಮಿಕೊಂಡಿರುವ ಲಕ್ಷಣ ಅದು. ಎಣ್ಣೆ ತಿಕ್ಕಿಸುತ್ತಾ, ಮೂಳೆ ಎಳೆಸುತ್ತಾ ಕೂತರೆ ಆ ನರಗಳು ಮತ್ತೆ ಚಿಗುರುವುದಿಲ್ಲ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದವರ ಹೊಸ ಬೆನ್ನುನೋವು, ಇವನ್ನೂ ಸವೆತದ ಲೆಕ್ಕಕ್ಕೆ ಹಾಕಿ ಸುಮ್ಮನಿರಬಾರದು.

ಆದ್ದರಿಂದ ಆಪರೇಷನ್ ಮಾತು ಬಂದಾಗ ರೋಗಿ ಕೇಳಬೇಕಾದ ಪ್ರಶ್ನೆ ಒಂದು: ಸ್ವಾಮಿ, ಇದರಿಂದ ನನ್ನ ಕಾಲಿನ ನರ ಬಿಡುಗಡೆಯಾಗುತ್ತದೋ ಅಥವಾ ಫಿಲಂನಲ್ಲಿ ಕಂಡ ಸವೆತಕ್ಕೆ ಕತ್ತರಿ ಹಾಕುತ್ತಿದ್ದೀರೋ? 1944ರಲ್ಲಿ, 1954ರಲ್ಲಿ ಆ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಡುವ ಸಾಧನ ವೈದ್ಯರಿಗೆ ಇರಲಿಲ್ಲ. ಇವತ್ತು ಇದೆ.

ಮುಚ್ಚಿಟ್ಟದ್ದರ ಬೆಲೆ

1960ರ ಚುನಾವಣೆಯಲ್ಲಿ ಎದುರಾಳಿ ಬಣದವರು ಅಡಿಸನ್ಸ್ ಕಾಯಿಲೆಯ ವಿಷಯ ಎತ್ತಿದಾಗ ಕೆನಡಿ ಪಾಳಯ ಪದಗಳ ಜಾಣತನದಿಂದ ಅಲ್ಲಗಳೆಯಿತು. ವೈದ್ಯಕೀಯ ದಾಖಲೆಗಳು ಇತಿಹಾಸಕಾರ ರಾಬರ್ಟ್ ಡಾಲೆಕ್ ಕೈಗೆ ಸಿಕ್ಕು ಪೂರ್ತಿ ಚಿತ್ರ ಹೊರಬಂದದ್ದು 2002ರಲ್ಲಿ. ಅಧಿಕಾರದಲ್ಲಿ ಇರುವವರ ದೇಹ ನೆಟ್ಟಗೇ ಕಾಣಬೇಕು ಅನ್ನುವ ನಿರೀಕ್ಷೆ ಜನರದ್ದೂ ಹೌದು. ನೋವು ಇದೆ ಅಂದರೆ ಓಟು ಹೋಗುತ್ತದೆ ಅನ್ನುವ ಭಯ ಇಲ್ಲದಿದ್ದರೆ ಅವಸರದ ಪರಿಹಾರಗಳ ಹಿಂದೆ ಅವರು ಅಷ್ಟು ಓಡುತ್ತಿದ್ದರೇ? ಆ ಭಯ ಅಧ್ಯಕ್ಷರಿಗೆ ಮಾತ್ರ ಇರುವುದಲ್ಲ. ಸೊಂಟನೋವು ಅಂದರೆ ಕೆಲಸ ಹೋಗುತ್ತದೆ ಅಂತ ಬಾಯಿ ಮುಚ್ಚಿಕೊಂಡಿರುವ ಡ್ರೈವರುಗಳು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಮೂಟೆ ಹೊರುವ ಹಮಾಲರು ನಮ್ಮ ಊರುಗಳಲ್ಲಿ ಎಷ್ಟಿಲ್ಲ! ಅಧ್ಯಕ್ಷರಿಗೆ ಕ್ರೌಸ್ ಮನೆಗೇ ಬಂದರು. ಇವರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಸಿಕ್ಕರೂ ದೊಡ್ಡದು. ವ್ಯಾಯಾಮ ಅಗ್ಗದ್ದು ಅನ್ನುವುದು ನಿಜ. ಅದನ್ನು ಕಲಿಸುವ ಮನುಷ್ಯ, ಅದನ್ನು ಮಾಡಲು ಬೇಕಾದ ಅರ್ಧ ಗಂಟೆ, ಎರಡು ವಾರ ಭಾರ ಎತ್ತದೇ ಇರುವ ಅವಕಾಶ, ಇವು ಅಗ್ಗವಲ್ಲ. ಬೆನ್ನುನೋವಿನ ಬಗ್ಗೆ ಸರ್ಕಾರವನ್ನು ಕೇಳಬೇಕಾದದ್ದು ಇನ್ನೊಂದು ಸ್ಕ್ಯಾನಿಂಗ್ ಯಂತ್ರಕ್ಕಿಂತ ಮೊದಲು ಇದನ್ನು.

ಕ್ರೌಸ್‌ಗೆ ಒಂದು ಆಸೆ ಉಳಿದಿತ್ತು: ಕೆನಡಿ ಆ ಸೊಂಟಪಟ್ಟಿಯನ್ನು ಬಿಡಬೇಕು. ಅದು ಆಗಲಿಲ್ಲ. 1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ತೆರೆದ ಕಾರಿನಲ್ಲಿ ಕೂತಾಗಲೂ ಪಟ್ಟಿ ಬಿಗಿದಿತ್ತು, ಅದರ ಮೇಲೆ ಎಲಾಸ್ಟಿಕ್ ಬ್ಯಾಂಡೇಜು ಸುತ್ತಿತ್ತು. ಮೊದಲ ಗುಂಡು ತಗಲಿದ ಮೇಲೂ ಅವರು ಪಕ್ಕಕ್ಕೆ ಕುಸಿಯದೆ ನೆಟ್ಟಗೇ ಉಳಿದದ್ದಕ್ಕೆ ಆ ಪಟ್ಟಿಯೂ ಕಾರಣವಿರಬಹುದು ಎಂದು ಅವರ ಬೆನ್ನಿನ ಚರಿತ್ರೆ ಬರೆದ ಕೆಲವು ವೈದ್ಯರು ವಾದಿಸುತ್ತಾರೆ. ತಲೆಗೆ ತಗಲಿದ ಗುಂಡು ಬಂದದ್ದು ಅದಾದ ಮೇಲೆ. ಅವರಿಗಾಗ 46 ವರ್ಷ.